ನಾಯಿಯನ್ನು ತರಬೇತಿಗೆ ಬಿಟ್ಟು ಬರಬೇಕೆ, ನಾವೂ ಜೊತೆಗೆ ನಿಲ್ಲಬೇಕೆ? ಕಲಬುರಗಿಯವರು ಹೇಳಿ

ಬಿಸಿಲೂರ ಟೀಚರ್ (ಕಲಬುರಗಿ, ಜೇವರ್ಗಿ ರಸ್ತೆ)

ನಮ್ಮ ಭೀಮನಿಗೆ ಹತ್ತು ತಿಂಗಳು. ಲ್ಯಾಬ್ರಡಾರ್, ತೂಕ 29 ಕಿಲೋ. ಕಳೆದ ಗುರುವಾರ ಬೆಳಿಗ್ಗೆ ಹಾಲಿನವನ ಸೈಕಲ್ ಬೆಲ್ ಕೇಳಿದ್ದೇ ತಡ, ಬೆಲ್ಟ್ ಹಿಡಿದಿದ್ದ ನನ್ನನ್ನೂ ಎಳೆದುಕೊಂಡು ಓಡಿದ. ಅಂಗಳದ ಪರ್ಸಿಯ (ಹಾಸುಗಲ್ಲಿನ) ಮೇಲೆ ಮೊಣಕೈ ಊರಿ ಬಿದ್ದೆ. ಚರ್ಮ ಹೋಯಿತು, ಮೂಳೆ ಉಳಿಯಿತು. ಹಾಲು ಮಾತ್ರ ಓಣಿಯ ತುಂಬ.

ಕಚ್ಚುವವನಲ್ಲ, ಪಾಪ. ಆದರೆ ಬಂದವರ ಎದೆಯ ಮೇಲೆ ಎರಡು ಕಾಲು ಇಡದೆ ಅವನ ಸ್ವಾಗತ ಮುಗಿಯುವುದಿಲ್ಲ. ಮಾವನವರಿಗೆ 78 ವರ್ಷ, ಮೊಣಕಾಲು ನೋವು. ಇವನ ಭಯಕ್ಕೆ ಸಂಜೆ ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟಿದ್ದಾರೆ. ಎದುರು ಮನೆಯ ಭೀಮಾಶಂಕರ ಕಾಕಾ ಅವರ ದೂರು ಬೇರೆಯೇ. "ದಿನವಿಡೀ ನಿಮ್ಮ ಮನೆಯಿಂದ 'ಭೀಮಾ, ನಿನಗೆ ನಾಚಿಕೆ ಇಲ್ಲವೇ' ಎಂದು ಕೇಳುತ್ತದೆ. ನಮ್ಮ ಮನೆಗೆ ಬಂದ ಬೀಗರು ಏನು ತಿಳಿಯಬೇಕು?" ಎಂದು ಕೇಳಿದರು. ಅವರು ನಗುತ್ತಲೇ ಕೇಳಿದ್ದು, ಆದರೂ ನನಗೆ ಮುಖ ಎತ್ತಲಾಗಲಿಲ್ಲ.

ಈಗ ಎರಡು ದಾರಿ ಇವೆ. ಒಬ್ಬರು ನಾಯಿಯನ್ನು 45 ದಿನ ತಮ್ಮಲ್ಲಿಟ್ಟುಕೊಂಡು, ಕಲಿಸಿ, ತಂದು ಬಿಡುತ್ತಾರಂತೆ. 25 ಸಾವಿರ ಕೇಳುತ್ತಾರೆ. ಇನ್ನೊಬ್ಬರು ರಿಂಗ್ ರಸ್ತೆಯ ಆಚೆ ಒಂದು ಖಾಲಿ ಜಾಗದಲ್ಲಿ ಎಂಟು ಭಾನುವಾರ ತರಗತಿ ನಡೆಸುತ್ತಾರೆ. ಅಲ್ಲಿ ನಾಯಿಯ ಜೊತೆ ಮನೆಯವರೂ ನಿಲ್ಲಲೇಬೇಕು, ಖರ್ಚು ಆರರಲ್ಲೊಂದು ಪಾಲು. ನಮ್ಮವರು ಮೊದಲನೆಯದೇ ಸರಿ ಎನ್ನುತ್ತಾರೆ. "ನಮಗೆಲ್ಲಿದೆ ಸಮಯ? ದುಡ್ಡು ಕೊಟ್ಟರೆ ಕೆಲಸ ಮುಗಿಯಿತು." ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುವವಳು ನಾನು. ಹಾಸ್ಟೆಲ್‌ನಲ್ಲಿ ಶಿಸ್ತಾಗಿದ್ದ ಹುಡುಗ ಬೇಸಿಗೆ ರಜೆಗೆ ಮನೆಗೆ ಬಂದು ಏನಾಗುತ್ತಾನೆ ಎಂದು ಗೊತ್ತಿದೆ. ಅನುಭವ ಇದ್ದವರು ಹೇಳಿ.

ತೊಗರಿ ಕಣಜ (ಆಳಂದ ತಾಲ್ಲೂಕು)

ಟೀಚರ್, ಸಿಟ್ಟಾಗಬೇಡಿ. ನಾಯಿಗೂ ಟ್ಯೂಷನ್ ಎಂಬ ಕಾಲ ಬಂತಲ್ಲ ಎಂದು ನಗು ಬಂತು. ನಮ್ಮ ಮುತ್ಯಾನ ಹೊಲದಲ್ಲಿ ಕರಿಯ ಎಂಬ ನಾಯಿ ಇತ್ತು. ತೊಗರಿ ರಾಶಿಯ ಕಾಲದಲ್ಲಿ ಕಣದ ಹತ್ತಿರ ಹೊರಗಿನವರು ಸುಳಿಯುವಂತಿರಲಿಲ್ಲ. ಆದರೆ ಮನೆಯ ಕೂಸು ಅದರ ಬಾಲ ಜಗ್ಗಿದರೂ ಸುಮ್ಮನಿರುತ್ತಿತ್ತು. ಯಾವ ತರಗತಿಗೂ ಹೋಗಿರಲಿಲ್ಲ. ದಿನಕ್ಕೆ ಎರಡು ರೊಟ್ಟಿ, ಒಂದಿಷ್ಟು ಮಜ್ಜಿಗೆ, ಅಷ್ಟೇ ಅದರ ಫೀಸು.

ಶಹಾಬಾದಿ ಪರ್ಸಿ

ನಾನು 45 ದಿನದ ದಾರಿ ಹಿಡಿದವನು, ಆದ್ದರಿಂದ ಹೇಳುತ್ತೇನೆ. ನಮ್ಮದು ಜರ್ಮನ್ ಶೆಫರ್ಡ್. ಎಲ್ಲಿ ಬಿಟ್ಟಿದ್ದೆ ಎಂಬುದು ಬೇಡ. ಕರೆತಂದ ದಿನ ತರಬೇತುದಾರರು ನಮ್ಮ ಅಂಗಳದಲ್ಲೇ ಪ್ರದರ್ಶನ ಕೊಟ್ಟರು. ಕೂಡು ಎಂದರೆ ಕೂತಿತು, ಮಲಗು ಎಂದರೆ ಮಲಗಿತು, ಗೇಟು ತೆರೆದಿಟ್ಟರೂ ಕದಲಲಿಲ್ಲ. ಓಣಿಯವರೆಲ್ಲ ಚಪ್ಪಾಳೆ ಹೊಡೆದರು. ಅವರ ಬೈಕು ತಿರುವು ದಾಟಿದ ಮೇಲೆ ನಾನು "ಕೂಡು" ಎಂದೆ. ಅದು ನನ್ನ ಮುಖ ನೋಡಿತು, ಆಕಳಿಸಿತು, ತುಳಸಿಕಟ್ಟೆಯ ಹಿಂದೆ ಹೋಗಿ ಮಣ್ಣು ಕೆದರತೊಡಗಿತು.

ಅದನ್ನಾದರೂ ಸಹಿಸಬಹುದಿತ್ತು. ಮೂರನೆಯ ದಿನ ಪ್ಯಾಂಟು ಹಾಕಿಕೊಳ್ಳಲು ಸೊಂಟದ ಬೆಲ್ಟ್ ಕೈಗೆತ್ತಿಕೊಂಡೆ. ನಾಯಿ ಮೂಲೆ ಸೇರಿ, ನಿಂತಲ್ಲೇ ಉಚ್ಚೆ ಮಾಡಿಕೊಂಡಿತು. ಅಲ್ಲಿ ಏನು ನಡೆದಿತ್ತು ಎಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅದು ಮೊದಲಿನಂತಾಗಲು ಒಂದು ವರ್ಷ ಹಿಡಿಯಿತು. ಟೀಚರ್ ಅಕ್ಕ, ಕಣ್ಣಿಗೆ ಕಾಣದ ಕಡೆ ಬಿಡಬೇಡಿ.

ಶ್ವಾನದಳದ ಹಳಬ (ಕಲಬುರಗಿ)

ಪೊಲೀಸ್ ಶ್ವಾನದಳದಲ್ಲಿ ಬಹಳ ವರ್ಷ ಇದ್ದು ನಿವೃತ್ತನಾದವನು. ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಪೊಲೀಸ್ ನಾಯಿ ಎಲ್ಲೋ ತಯಾರಾಗಿ, ಪೆಟ್ಟಿಗೆಯಲ್ಲಿ ಜಿಲ್ಲೆಗೆ ಬರುತ್ತದೆ ಎಂದುಕೊಂಡಿದ್ದಾರೆ. ಹಾಗಲ್ಲ. ನಾಯಿಯನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಅದರ ಜೊತೆಗೇ ಬೆಂಗಳೂರಿನ ಆಡುಗೋಡಿಗೆ ಹೋಗಿ ತಿಂಗಳುಗಟ್ಟಲೆ ಕಲಿಯುತ್ತಾನೆ. ನಾನು ಹೋದಾಗ ಮೊದಲ ದಿನಗಳಲ್ಲಿ ಆಜ್ಞೆ ಎಂಬ ಮಾತೇ ಇರಲಿಲ್ಲ. ಊಟ ಹಾಕುವುದು, ಮೈ ಉಜ್ಜುವುದು, ಜೊತೆಯಲ್ಲಿ ನಡೆಯುವುದು, ಇಷ್ಟೇ. ನಾಯಿ ನಮ್ಮ ಉಸಿರು, ಹೆಜ್ಜೆ, ಕೈಯ ವಾಸನೆ ಕಲಿಯುತ್ತದೆ. ನಾವು ಅದರ ಕಿವಿ, ಬಾಲ, ಬೆನ್ನಿನ ಕೂದಲು ಓದಲು ಕಲಿಯುತ್ತೇವೆ. ನೋಡಿಕೊಳ್ಳುವವನು ಬದಲಾದರೆ ನಾಯಿ ಹೊಸಬನ ಜೊತೆ ಮತ್ತೆ ಹೊಂದಿಕೊಳ್ಳಬೇಕಾಗುತ್ತದೆ. ಸರ್ಕಾರದ ನಾಯಿಗೇ ಹೀಗಿರುವಾಗ ಮನೆಯ ನಾಯಿಯನ್ನು ಯಾರೋ ಕಲಿಸಿ ಕಳುಹಿಸುತ್ತಾರೆ ಎಂದರೆ ಹೇಗೆ?

ಟೀಚರ್ ಅವರಿಗೆ ಒಂದು ಮನೆಪಾಠ ಕೊಡುತ್ತೇನೆ. ನಾಯಿಯನ್ನು ಕೂಡಿಸಲು ನಿಮ್ಮ ಮನೆಯಲ್ಲಿ ಯಾರು ಯಾವ ಮಾತು ಹೇಳುತ್ತಾರೆ? ಒಂದು ಹಾಳೆಯಲ್ಲಿ ಬರೆದು ಇಲ್ಲಿ ಹಾಕಿ.

ಬಿಸಿಲೂರ ಟೀಚರ್

ಬರೆದೆ ಸರ್. ನಾಚಿಕೆಯಿಂದಲೇ ಹಾಕುತ್ತಿದ್ದೇನೆ. ಮಾವನವರು: "ಕೂಡು". ನಾನು: "ಸಿಟ್". ಮಗ: "ಸಿಟ್ ಸಿಟ್ ಸಿಟ್ ಡೌನ್". ನಮ್ಮವರು: "ಏ, ಸುಮ್ಮನಿರು". ಕೆಲಸಕ್ಕೆ ಬರುವ ಆಪಾ: "ಬೈಠೋ". ಇದಲ್ಲದೆ ನಮ್ಮವರು "ಡೌನ್" ಎಂದರೆ ಸೋಫಾದಿಂದ ಇಳಿ ಎಂದು ಅರ್ಥ, ಮಗ "ಡೌನ್" ಎಂದರೆ ಮಲಗು ಎಂದು.

ಶ್ವಾನದಳದ ಹಳಬ

ಐದು ಜನ, ಮೂರು ಭಾಷೆ. ಭೀಮ ನಿಮಗಿಂತ ಜಾಣ, ಇನ್ನೂ ಹುಚ್ಚು ಹಿಡಿದಿಲ್ಲವಲ್ಲ.

ನಾಯಿಗೆ ಕನ್ನಡ, ಉರ್ದು, ಇಂಗ್ಲಿಷ್ ಎಂಬ ಭೇದವಿಲ್ಲ, ಅದಕ್ಕೆ ಬೇಕಾದದ್ದು ಒಂದು ಸದ್ದು. ಆ ಸದ್ದು ಬಂದಾಗ ಹೀಗೆ ಮಾಡಿದರೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕ ಅದರ ತಲೆಯಲ್ಲಿ ಕೂಡಬೇಕು. ಯಾವ ಭಾಷೆಯಾದರೂ ಆಗಲಿ, ಮನೆಯವರೆಲ್ಲ ಒಂದೇ ಮಾತು ಬಳಸಿ. ಅದನ್ನೂ ಒಂದೇ ಸಲ ಹೇಳಬೇಕು. ನಿಮ್ಮ ಮಗ ನಾಲ್ಕು ಸಲ ಹೇಳಿದರೆ ಮೊದಲ ಮೂರು ಸಲ ಕೂಡಬೇಕಾಗಿಲ್ಲ ಎಂಬುದನ್ನೇ ಅದು ಕಲಿಯುತ್ತದೆ. ಕೂತ ಕೂಡಲೇ ತಿನಿಸು ಬಾಯಿಗೆ ಬರಬೇಕು, ಕೂಡಲೇ ಎಂದರೆ ಒಂದೆರಡು ಸೆಕೆಂಡಿನೊಳಗೆ. ನೀವು ಅಡುಗೆಮನೆಗೆ ಹೋಗಿ ಡಬ್ಬಿ ತೆರೆದು ತರುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ. ಆಗ ನೀವು ಕೊಡುವ ಬಹುಮಾನ ಎದ್ದದ್ದಕ್ಕೆ.

ತರಗತಿಯ ದೊಡ್ಡ ಲಾಭ ಇದೇ. ಈ ತಪ್ಪುಗಳು ನಮಗೆ ನಾವೇ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವನಿಗೆ ಕಾಣುತ್ತವೆ. ಎರಡನೆಯದು, ಮನೆಯ ಅಂಗಳದಲ್ಲಿ ಮಾತು ಕೇಳುವ ನಾಯಿ ಇನ್ನೈದು ನಾಯಿಗಳ ನಡುವೆ ಕೇಳುತ್ತದೆಯೇ ಎಂದು ಅಲ್ಲಿಯೇ ಗೊತ್ತಾಗಬೇಕು. ಬೆಲ್ಟ್ ಹಿಡಿದು ಬಡಿಯುವವನ ವಿಷಯ ಶಹಾಬಾದಿ ಹೇಳಿದ್ದಾರೆ. ಪೆಟ್ಟು ತಿಂದ ನಾಯಿ ತಪ್ಪಿಗೆ ಹೆದರುವುದಿಲ್ಲ, ಮನುಷ್ಯನಿಗೆ ಹೆದರುತ್ತದೆ. ಹೆದರಿದ ನಾಯಿಯೇ ಮುಂದೆ ಕಚ್ಚುವುದು.

ಬೀದರ್ ಪಶುವೈದ್ಯ ವಿದ್ಯಾರ್ಥಿನಿ (ನಂದಿನಗರ)

ಹಳಬ ಸರ್ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. "ನೀವೇ ಯಜಮಾನ ಎಂದು ತೋರಿಸಿ, ನೆಲಕ್ಕೆ ಕೆಡವಿ ಒತ್ತಿ ಹಿಡಿಯಿರಿ" ಎಂದು ಹೇಳುವ ತರಬೇತುದಾರರು ಇನ್ನೂ ಇದ್ದಾರೆ. ಅದರ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕರು ಬಂಧನದಲ್ಲಿಟ್ಟ ತೋಳಗಳನ್ನು ನೋಡಿ ಬರೆದದ್ದು. ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದರೆ ಕಾದಾಡುತ್ತವೆ. ಕಾಡಿನ ತೋಳದ ಗುಂಪು ಎಂದರೆ ಬಹುಮಟ್ಟಿಗೆ ತಂದೆ, ತಾಯಿ, ಮರಿಗಳ ಸಂಸಾರ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಬರೆದರು. ಯಜಮಾನಿಕೆಯ ಮಾತನ್ನು ಮೊದಲು ಜನಪ್ರಿಯಗೊಳಿಸಿದವರಲ್ಲಿ ಅವರೂ ಒಬ್ಬರು, ಆಮೇಲೆ ತಾವೇ ತಿದ್ದಿಕೊಂಡರು. ನಮ್ಮೂರ ಕೆಲವು ತರಬೇತುದಾರರಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ.

ವಯಸ್ಸಿನ ವಿಷಯ. ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮರಿ ಏನನ್ನು ನೋಡಿ ಒಗ್ಗಿಕೊಳ್ಳುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಆಟೋ, ಕುಕ್ಕರ್ ಸೀಟಿ, ಬುರ್ಖಾ ಹಾಕಿದವರು, ಕೋಲು ಹಿಡಿದ ಅಜ್ಜ, ಎಲ್ಲವೂ ಆಗಲೇ ಕಣ್ಣಿಗೆ ಬೀಳಬೇಕು. ಲಸಿಕೆ ಮುಗಿಯದ ಮರಿಯನ್ನು ನೆಲಕ್ಕೆ ಬಿಡಬೇಡಿ, ಪಾರ್ವೊ ಎಂಬ ವೈರಸ್ ರೋಗ ಬಂದರೆ ಉಳಿಸುವುದು ಕಷ್ಟ. ತೋಳಿನಲ್ಲಿ ಎತ್ತಿಕೊಂಡು ತೋರಿಸಿ. ಭೀಮನಿಗೆ ಆ ಕಾಲ ಕಳೆದಿದೆ, ಆದರೂ ಕಲಿಕೆಗೆ ತಡವಾಗಿಲ್ಲ. ಹತ್ತು ತಿಂಗಳೆಂದರೆ ಹದಿಹರೆಯ. ಕಲಿತದ್ದನ್ನೂ ಮರೆತಂತೆ ಆಡುತ್ತಾನೆ. ನಾಯಿ ಸಾಕಾಯಿತು ಎಂದು ಬೇರೆಯವರಿಗೆ ದಾಟಿಸುವ ಮನಸ್ಸು ಬರುವುದೂ ಬಹಳ ಮನೆಗಳಲ್ಲಿ ಇದೇ ವಯಸ್ಸಿನಲ್ಲಿ.

ನನ್ನ ಸ್ವಾರ್ಥವೂ ಇದೆ. ಚಿಕಿತ್ಸೆಗೆ ಬರುವ ನಾಯಿಗಳಲ್ಲಿ ಬಾಯಿ ತೆರೆಸಲು, ಕಿವಿ ನೋಡಲು, ಬಾಯಿಕುಕ್ಕೆ ಹಾಕಲು ಬಿಡುವ ನಾಯಿ ಬಂದರೆ ನಮಗೆ ಹಬ್ಬ. ಉಣ್ಣಿಗಳು ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ ಅಡಗುತ್ತವೆ. ಮುಟ್ಟಲು ಬಿಡದ ನಾಯಿಯಲ್ಲಿ ಅವು ಕಾಣುವುದು ಜ್ವರ ಬಂದ ಮೇಲೆ. ಒಳ್ಳೆಯ ತರಗತಿಯಲ್ಲಿ ಕೂಡು, ಬಾ ಎಂಬುದರ ಜೊತೆಗೆ ಮುಟ್ಟಿಸಿಕೊಳ್ಳುವುದನ್ನೂ ಕಲಿಸುತ್ತಾರೆ. ಸೇರುವ ಮುಂಚೆ ಇದನ್ನು ಕೇಳಿ.

ಯಾದಗಿರಿ ಕೋಟೆ ಹುಡುಗ

ಅಕ್ಕ, ನನ್ನದು ಮುಧೋಳ ನಾಯಿ. ಬಾ ಎಂದರೆ ಬರುವುದಿಲ್ಲ. ಬೆಟ್ಟದ ಕೆಳಗೆ ಮೊಲ ಕಂಡರೆ ಮುಗಿಯಿತು, ಅರ್ಧ ಗಂಟೆ ಮಾಯ. ಈ ತಳಿಗೆ ತರಗತಿ ನಾಟುತ್ತದೆಯೇ?

ಬೀದರ್ ಪಶುವೈದ್ಯ ವಿದ್ಯಾರ್ಥಿನಿ

ತಮ್ಮ, ಅದು ಹಟವಲ್ಲ, ಹುಟ್ಟುಗುಣ. ಕಣ್ಣಿನಿಂದ ಬೇಟೆ ಹಿಡಿಯಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ ಅದು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ನಮ್ಮ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಅಂಥ ನಾಯಿಯನ್ನು ಲ್ಯಾಬ್ರಡಾರ್ ಜೊತೆ ಹೋಲಿಸಬೇಡ. ಐದು ನಿಮಿಷದ ಪಾಠ, ದಿನಕ್ಕೆ ಮೂರು ಸಲ ಸಾಕು. ಗದರಿದರೆ ಮುದುಡಿಕೊಂಡು ಒಂದು ದಿನ ನಿನ್ನ ಕಡೆ ನೋಡುವುದಿಲ್ಲ. ಬಯಲಲ್ಲಿ ಬಿಡುವಾಗ ಹತ್ತು ಮೀಟರಿನ ಹಗ್ಗ ಇರಲಿ. ಮುಖ್ಯ ಮಾತು: ತಡವಾಗಿ ಬಂದರೂ ಬೈಯಬೇಡ. ಅರ್ಧ ಗಂಟೆಯ ನಂತರ ಬಂದ ನಾಯಿಗೆ ನೀನು ಹೊಡೆದರೆ, ಬಂದದ್ದಕ್ಕೇ ಹೊಡೆದಂತೆ ಅದು ತಿಳಿಯುತ್ತದೆ. ನಾಳೆ ಒಂದು ಗಂಟೆ ಮಾಡುತ್ತದೆ.

ಹುಮನಾಬಾದ್ ರಿಂಗ್

ನಡುವೆ ಒಂದು ಪ್ರಶ್ನೆ. ರಾಟ್‌ವೈಲರ್ ಸಾಕುವಂತಿಲ್ಲ ಎಂದು ನಮ್ಮ ಓಣಿಯಲ್ಲಿ ಗಲಾಟೆ. ನಿಜವೇ?

ಶ್ವಾನದಳದ ಹಳಬ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಅದರಲ್ಲಿ ರಾಟ್‌ವೈಲರ್ ಇತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ನಾಯಿಯಿಂದ ಅಪಾಯವಾಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ, ಅದು ತಳಿ ಕೇಳುವುದಿಲ್ಲ. ಓಣಿಯವರ ಭಯವನ್ನು ಕೋರ್ಟಿನ ಕಾಗದ ತೋರಿಸಿ ಕಳೆಯಲಾಗದು. ಆ ನಾಯಿ ಅವರೆದುರಿಗೆ ಸಡಿಲ ಬೆಲ್ಟಿನಲ್ಲಿ ಸುಮ್ಮನೆ ನಡೆಯುವುದನ್ನು ಅವರು ನೋಡಬೇಕು. ನೀವೂ ತರಗತಿಗೆ ಹೋಗಿ.

ಬಿಸಿಲೂರ ಟೀಚರ್ (ನಾಲ್ಕು ವಾರಗಳ ನಂತರ)

ಭಾನುವಾರದ ತರಗತಿಗೇ ಸೇರಿದೆವು. ನಮ್ಮವರು ಮೊದಲ ದಿನ ಬರಲಿಲ್ಲ, ಮಗ ಮತ್ತು ನಾನು ಹೋದೆವು. ಬೆಳಿಗ್ಗೆ ಆರಕ್ಕೆ, ಎರಡು ಬೇವಿನ ಮರಗಳ ನೆರಳು. ಆರು ನಾಯಿ: ಎರಡು ಲ್ಯಾಬ್ರಡಾರ್, ಒಂದು ಶೆಫರ್ಡ್, ಎಲ್ಲರನ್ನೂ ಬೈಯುವ ಒಂದು ಪಮೇರಿಯನ್, ಒಂದು ಪಗ್, ಮತ್ತು ಸೂಪರ್ ಮಾರ್ಕೆಟ್ ಹತ್ತಿರ ಮರಿಯಾಗಿ ಸಿಕ್ಕಿದ ಒಂದು ಕಂದು ಬಣ್ಣದ ಬೀದಿ ನಾಯಿ. ತರಗತಿಯಲ್ಲಿ ಮೊದಲ ರ‍್ಯಾಂಕ್ ಆ ಕಂದು ಹೆಣ್ಣಿನದೇ ಎಂದು ಈಗಲೇ ಹೇಳಿಬಿಡುತ್ತೇನೆ.

ಮೊದಲ ಭಾನುವಾರ ನಾಯಿಗಳನ್ನು ಮರಕ್ಕೆ ಕಟ್ಟಿಸಿದರು. ಪಾಠ ನಮಗೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರ ಕೈಗೆ ಬೆಲ್ಟಿನ ಒಂದು ತುದಿ, ಇನ್ನೊಬ್ಬರು ಕಣ್ಣು ಮುಚ್ಚಿ ಮತ್ತೊಂದು ತುದಿ ಹಿಡಿದು ಹಿಂದೆ ನಡೆಯಬೇಕು. ನನ್ನ ಪಾಲಿಗೆ ಬಂದವರು ಬ್ಯಾಂಕಿನ ಮ್ಯಾನೇಜರ್. ಸಾಲ ವಸೂಲಿಗೆ ಹೊರಟವರಂತೆ ಎಳೆದರು. ಎಲ್ಲಿಗೆ, ಯಾವಾಗ ತಿರುಗುತ್ತಾರೆ ಎಂದು ತಿಳಿಯದೆ ಎರಡು ಸಲ ಮುಗ್ಗರಿಸಿದೆ. ಎಳೆತ ಬಂದಾಗಲೆಲ್ಲ ನನ್ನ ಮೈ ತಾನಾಗಿ ಹಿಂದಕ್ಕೆ ಜಗ್ಗುತ್ತಿತ್ತು. ಕಣ್ಣು ಬಿಟ್ಟಾಗ ಭೀಮ ಮರದ ಕೆಳಗೆ ನಾಲಿಗೆ ಚಾಚಿ ನನ್ನನ್ನೇ ನೋಡುತ್ತಿದ್ದ.

ಎರಡನೆಯ ವಾರ "ಕೂಡು". ತಿನಿಸಿನ ತುಣುಕು ಶೇಂಗಾ ಕಾಳಿಗಿಂತ ದೊಡ್ಡದಿರಬಾರದು. ಅದನ್ನು ಮೂಗಿನ ತುದಿಗೆ ಹಿಡಿದು, ಹಣೆಯ ಮೇಲಿಂದ ಹಿಂದಕ್ಕೆ ಮೆಲ್ಲಗೆ ಸರಿಸಬೇಕು. ಮೂಗು ಮೇಲೆದ್ದಂತೆ ಹಿಂಭಾಗ ತಾನಾಗಿ ಇಳಿಯುತ್ತದೆ. ನಾನು ಅವಸರಕ್ಕೆ ಇನ್ನೊಂದು ಕೈಯಿಂದ ಅವನ ಸೊಂಟ ಒತ್ತಿದೆ. "ಮೇಡಂ, ನೀವು ಒತ್ತಿದರೆ ಅವನೂ ಒತ್ತುತ್ತಾನೆ. ಕೈ ತೆಗೆಯಿರಿ" ಎಂದರು. ತೆಗೆದೆ. ಕೂತ. ಅಷ್ಟು ಹೊತ್ತು ಅವನು ಕೂಡದಂತೆ ತಡೆದದ್ದು ನನ್ನ ಕೈಯೇ.

ನಡಿಗೆಯ ಪಾಠ ಮಾತ್ರ ಮಾನ ಕಳೆಯಿತು. ಬೆಲ್ಟ್ ಬಿಗಿಯಾದರೆ ನಿಲ್ಲಬೇಕು, ಮಾತಿಲ್ಲ, ಎಳೆತವಿಲ್ಲ. ಸಡಿಲವಾದರೆ ಮುಂದೆ. ನಮ್ಮ ಮನೆಯಿಂದ ಕಿರಾಣಿ ಅಂಗಡಿಗೆ ನೂರು ಹೆಜ್ಜೆ ಇರಬಹುದು, ಇಪ್ಪತ್ತೈದು ನಿಮಿಷ ಬೇಕಾಯಿತು. ನಡುವೆ ಮೂವರು ನಿಂತು "ಏನಾದರೂ ಕಳೆದುಕೊಂಡಿರಾ ಟೀಚರ್, ಹುಡುಕಿಕೊಡಬೇಕೇ?" ಎಂದು ಕೇಳಿದರು. ಹತ್ತನೆಯ ದಿನ ಏಳು ನಿಮಿಷಕ್ಕೆ ಇಳಿದಿದೆ.

ಒಂದೇ ಮಾತು ಯಾವುದು ಎಂದು ಮನೆಯಲ್ಲಿ ಪಂಚಾಯಿತಿ ನಡೆಯಿತು. "78 ವರ್ಷಕ್ಕೆ ನಾಯಿಗಾಗಿ ಇಂಗ್ಲಿಷ್ ಕಲಿಯುವವನಲ್ಲ" ಎಂದು ಮಾವನವರು ಹೇಳಿದ್ದರಿಂದ "ಕೂಡು" ಗೆದ್ದಿತು. ಆಪಾ ಒಪ್ಪಿದರು. ಮಗ ದಿನಕ್ಕೆ ಹತ್ತು ಸಲ ತಪ್ಪುತ್ತಾನೆ.

ತೊಗರಿ ಕಣಜ

ಟೀಚರ್, ನಮ್ಮ ಕರಿಯನ ಬಗ್ಗೆ ಯೋಚಿಸಿದೆ. ಅವನಿಗೆ ತರಗತಿ ಇರಲಿಲ್ಲ ಎಂದು ಬರೆದಿದ್ದೆ. ಆದರೆ ಅವನು ದಿನವಿಡೀ ಮುತ್ಯಾನ ಕಾಲ ಬುಡದಲ್ಲಿ ಇರುತ್ತಿದ್ದ. ಗಳೆ ಹೊಡೆಯುವಾಗ ಹಿಂದೆ, ಊಟಕ್ಕೆ ಕೂತಾಗ ಪಕ್ಕದಲ್ಲಿ. ಮುತ್ಯಾ ಅವನೊಡನೆ ಆಡುತ್ತಿದ್ದದ್ದು ನಾಲ್ಕೇ ಮಾತು. ಬಹುಶಃ ಅದೇ ತರಗತಿ ಇರಬೇಕು. ಈಗ ನನ್ನ ತಮ್ಮ ನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ನಾಯಿ ಸಾಕಿ, ಬೆಳಗಿನಿಂದ ಸಂಜೆಯವರೆಗೆ ಸರಪಳಿಗೆ ಕಟ್ಟಿ ಕಚೇರಿಗೆ ಹೋಗುತ್ತಾನೆ. ಬಂದ ಮೇಲೆ ಅದು ಕುಣಿದರೆ ಹುಚ್ಚು ನಾಯಿ ಎನ್ನುತ್ತಾನೆ. ಅವನಿಗೆ ಈ ಚರ್ಚೆ ಕಳುಹಿಸಿದ್ದೇನೆ.

ಬಸವನ ಓಣಿ

ನಮ್ಮದು ಸಸ್ಯಾಹಾರಿ ಮನೆ. ಎಲ್ಲರೂ ಬೇಯಿಸಿದ ಕೋಳಿ ತನ್ನಿ ಎನ್ನುತ್ತಾರೆ. ಅಮ್ಮ ಹೊಸ್ತಿಲು ದಾಟಿಸುವುದಿಲ್ಲ. ಏನು ಮಾಡಲಿ?

ಬಿಸಿಲೂರ ಟೀಚರ್

ನಮ್ಮಲ್ಲೂ ಇಲ್ಲ. ಖಡಕ್ ರೊಟ್ಟಿ ಮುರಿದು ತರುತ್ತೇನೆ, ಕಷ್ಟದ ಪಾಠಕ್ಕೆ ಪನೀರ್. ಕುರುಕುರು ಸದ್ದಿಗೆ ಪಗ್ ಕೂಡ ನನ್ನ ಹಿಂದೆ ಬರುತ್ತದೆ.

ಬೀದರ್ ಪಶುವೈದ್ಯ ವಿದ್ಯಾರ್ಥಿನಿ

ಉಪ್ಪಿಲ್ಲದ ಹುರಿದ ಶೇಂಗಾ ಒಂದೆರಡು ಕಾಳು ನಡೆಯುತ್ತದೆ. ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿ ಬೇಡ. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಚಾಕೊಲೇಟ್ ಕೊಡಲೇಬೇಡಿ. ತರಬೇತಿಯಲ್ಲಿ ತಿಂದಷ್ಟನ್ನು ರಾತ್ರಿ ಊಟದಲ್ಲಿ ಕಡಿಮೆ ಮಾಡಿ, ಇಲ್ಲದಿದ್ದರೆ ವಿದ್ಯೆಯ ಜೊತೆ ಬೊಜ್ಜೂ ಬರುತ್ತದೆ.

ಬಿಸಿಲಿನ ಎಚ್ಚರ ಇರಲಿ. ನಾಯಿ ಮೈಯಿಂದ ನಮ್ಮಂತೆ ಬೆವರುವುದಿಲ್ಲ, ಏದುಸಿರಿನಿಂದಲೇ ತಂಪಾಗಬೇಕು. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಅದೂ ಕಷ್ಟ. ಅಂಗೈಯ ಹಿಂಭಾಗವನ್ನು ಪರ್ಸಿಯ ಮೇಲೆ ಏಳು ಎಣಿಸುವವರೆಗೆ ಇಡಿ. ಇಡಲಾಗದಿದ್ದರೆ ಅದರ ಕಾಲಿಗೂ ಅಲ್ಲಿ ಜಾಗವಿಲ್ಲ.

ಬಿಸಿಲೂರ ಟೀಚರ್ (ಎಂಟನೆಯ ಭಾನುವಾರದ ನಂತರ)

ತರಗತಿ ಮುಗಿಯಿತು. ಮೇ ತಿಂಗಳಲ್ಲಿ ಐದೂವರೆಗೇ ಶುರು ಮಾಡುತ್ತಿದ್ದರು. ಐದನೆಯ ವಾರದಿಂದ ನಮ್ಮವರೂ ಬಂದರು, ಯಾರೂ ಒತ್ತಾಯಿಸಲಿಲ್ಲ.

ಮೈಮೇಲೆ ಹಾರುವುದು ನಿಂತಿದೆ ಎನ್ನಬಹುದು. ನಾಲ್ಕೂ ಕಾಲು ನೆಲದಲ್ಲಿದ್ದರೆ ಮಾತ್ರ ಮುಟ್ಟುವುದು, ಹಾರಿದರೆ ಬೆನ್ನು ತಿರುಗಿಸಿ ನಿಲ್ಲುವುದು, ಇಷ್ಟೇ ಉಪಾಯ. ಬರುವ ಹೋಗುವವರೆಲ್ಲ ಇದನ್ನು ಪಾಲಿಸುವಂತೆ ಮಾಡುವುದೇ ದೊಡ್ಡ ಕೆಲಸ. ಗೇಟಿಗೆ ಚೀಟಿ ಅಂಟಿಸಿದೆ. ಭಾವನವರು ಚೀಟಿ ಓದಿ, ನಕ್ಕು, ಒಳಗೆ ಬಂದು ಎರಡೂ ಕೈ ಚಾಚಿ "ಬಾರೋ ಭೀಮಾ" ಎಂದರು. ಒಂದು ವಾರದ ಶ್ರಮ ಹೋಯಿತು. ಭಾವನವರಿಗೂ ಒಂದು ತರಗತಿ ಬೇಕು.

ಬೆರಗಿನ ಸಂಗತಿ ಮಾವನವರದು. ಸಂಜೆಯ ಅಭ್ಯಾಸಕ್ಕೆ ಸಮಯ ಇದ್ದವರು ಅವರೊಬ್ಬರೇ. ಈಗ ಮತ್ತೆ ಕಟ್ಟೆಗೆ ಕೂಡುತ್ತಾರೆ, ಜೇಬಿನಲ್ಲಿ ರೊಟ್ಟಿ ಚೂರು. ಭೀಮ ಬರುತ್ತಾನೆ. ಅವರು ಅವಸರ ಮಾಡುವುದಿಲ್ಲ, ಅಡಿಕೆ ಅಗಿಯುವುದು ಮುಗಿದ ಮೇಲೆ ಒಮ್ಮೆ "ಕೂಡು" ಎನ್ನುತ್ತಾರೆ. ಎರಡನೆಯ ಸಲ ಹೇಳುವ ಅಭ್ಯಾಸ ಅವರಿಗೆ ಮೊದಲೇ ಇರಲಿಲ್ಲ, ಮಕ್ಕಳಿಗೂ ಹೇಳಿದವರಲ್ಲ. ಮನೆಯಲ್ಲಿ ಅವನು ಮೊದಲ ಮಾತಿಗೇ ಕೇಳುವುದು ಅವರೊಬ್ಬರದನ್ನೇ. ಶುಲ್ಕ ಕಟ್ಟಿ ಎಂಟು ವಾರ ನಿಂತವಳು ನಾನು.

ಸೈಕಲ್ ಬೆಲ್ಲನ್ನು ನಾವು ಇನ್ನೂ ಗೆದ್ದಿಲ್ಲ. ಹಾಲಿನವನನ್ನೇ ಒಪ್ಪಿಸಿ, ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ ಬೆಲ್ ಹೊಡೆಸುತ್ತಿದ್ದೇವೆ. ಎಂಟರಲ್ಲಿ ಐದು ಸಲ ಕೂತಿರುತ್ತಾನೆ. ಉಳಿದ ಮೂರು ಸಲಕ್ಕೆಂದು ಬೆಲ್ಟನ್ನು ಎರಡು ಸುತ್ತು ಕೈಗೆ ಸುತ್ತುತ್ತಿದ್ದೆ. ಹಾಗೆ ಸುತ್ತಬಾರದು, ಬೆರಳು ಮುರಿಯುತ್ತದೆ ಎಂದು ಬೈಸಿಕೊಂಡೆ.

ಹೆಸರನ್ನು ಬೈಗುಳಕ್ಕೆ ಬಳಸಬಾರದು, ಒಳ್ಳೆಯದಕ್ಕೆ ಮಾತ್ರ ಕರೆಯಬೇಕು ಎಂಬುದೂ ಪಾಠದಲ್ಲಿತ್ತು. ಆದ್ದರಿಂದ ಈಗ ನಮ್ಮ ಮನೆಯಿಂದ ದಿನವಿಡೀ "ಶಹಬ್ಬಾಸ್ ಭೀಮಾ, ಬಂಗಾರದಂಥವನು" ಎಂದು ಕೇಳುತ್ತದೆ. ಎದುರು ಮನೆಯ ಕಾಕಾ ನಿನ್ನೆ ಗೇಟಿನ ಬಳಿ ನಿಲ್ಲಿಸಿ ಹೇಳಿದರು: "ಮೊದಲಿನದೇ ಚೆನ್ನಾಗಿತ್ತಮ್ಮ. ಈಗ ನಿಮ್ಮ ಕಾಕು ನನ್ನನ್ನು ಬೇರೆ ರೀತಿ ನೋಡುತ್ತಿದ್ದಾಳೆ."